ನೆರೆ ಇಳಿದು ವರ್ಷಗಳಾದ ಮೇಲೆ: ಇನ್ನೂ ಎದ್ದು ನಿಲ್ಲದ ಮನೆಗಳಿಗೆ ಊರೇ ಆಸರೆಯಾಗುವ ಬಗೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಒಟ್ಟಿಗೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ದಂಡೆಯ ಊರುಗಳಿಗೆ ರೊಟ್ಟಿ, ಚಾದರ, ಬಟ್ಟೆ, ಪಾತ್ರೆ ಲಾರಿಗಟ್ಟಲೆ ಹರಿದು ಬಂದವು. ಅದಕ್ಕೆ ಒಂದು ವರ್ಷ ಮುಂಚೆ ಕೊಡಗಿನ ಗುಡ್ಡಗಳು ಜರಿದಾಗಲೂ ನಾಡು ಹೀಗೆಯೇ ಓಗೊಟ್ಟಿತ್ತು. ಕೊಟ್ಟವರೆಲ್ಲ ಮನಸಾರೆ ಕೊಟ್ಟರು. ಆದರೆ ಕಾಳಜಿ ಕೇಂದ್ರ ಮುಚ್ಚಿ, ಶಾಲೆ ತೆರೆದು, ದಸರೆ ದೀಪಾವಳಿ ಕಳೆದ ಮೇಲೆ ಬರುವವರು ನಿಲ್ಲುತ್ತಾರೆ. ಮುಂದಿನ ಮಳೆಗಾಲ ಬಂದಾಗಲೂ ಊರ ಅಂಚಿನಲ್ಲಿ ಕೆಲವು ಕುಟುಂಬಗಳು ತಗಡಿನ ಶೆಡ್ಡಿನಲ್ಲಿಯೇ ಇರುತ್ತವೆ. ಅದರ ಮುಂದಿನ ವರ್ಷವೂ ಇರುತ್ತವೆ.

ಈ ಬರಹ ಆ ಹೊತ್ತಿಗಾಗಿ, ಅಂದರೆ ನೆರೆಯ ಎರಡನೆಯ, ಮೂರನೆಯ, ಐದನೆಯ ವರ್ಷಕ್ಕಾಗಿ. ಹಾಗೆ ಹಿಂದುಳಿದ ಮನೆಗಳ ಬಾಗಿಲಿಗೆ ಹೋಗಿ ಕುಳಿತು ಕೇಳಿದರೆ ಒಂದು ಸಂಗತಿ ಬೇಗ ಕಾಣುತ್ತದೆ. ಅವರಿಗೆ ಏನೂ ಸಿಗಲೇ ಇಲ್ಲ ಎನ್ನುವಂತಿರುವುದು ಅಪರೂಪ. ಬರಬೇಕಾದದ್ದು ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿರುತ್ತದೆ: ಸತ್ತ ಅಜ್ಜನ ಹೆಸರಿನಲ್ಲಿರುವ ಮನೆ, ಆಧಾರ್ ಜೋಡಣೆಯಾಗದ ಖಾತೆ, ಬುನಾದಿ ಹಂತದಲ್ಲಿ ನಿಂತ ಕಂತು, ಮುಂಬೈಯಲ್ಲಿರುವ ಅಣ್ಣನ ಒಪ್ಪಿಗೆಯ ಸಹಿ. ಆ ಗಂಟು ಎಲ್ಲಿದೆ ಎಂದು ಗುರುತಿಸಿ, ಬಿಡುವವರೆಗೂ ಬೆನ್ನು ಹತ್ತುವ ಕೆಲವು ಜನ ಊರಿನಲ್ಲಿದ್ದರೆ, ಇನ್ನೊಂದು ಲಾರಿ ಸಾಮಾನು ಬಂದುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಮೊದಲ ಹೆಜ್ಜೆ: ಯಾರು ಕೂಡಬೇಕು

ಏಳರಿಂದ ಒಂಬತ್ತು ಜನ ಸಾಕು. ಅರ್ಧದಷ್ಟಾದರೂ ಹೆಂಗಸರಿರಲಿ. ಪ್ರತಿ ಓಣಿಯಿಂದ, ಮುಖ್ಯವಾಗಿ ದಲಿತ ಕೇರಿಯಿಂದ ಮತ್ತು ಹೊಳೆಗೆ ಅತಿ ಹತ್ತಿರದ ಮನೆಗಳಿಂದ ಒಬ್ಬೊಬ್ಬರು ಇರಲೇಬೇಕು. ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ಒಬ್ಬರು, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಶಿಕ್ಷಕರು, ಒಬ್ಬ ಅನುಭವಿ ಗೌಂಡಿ, ಮೊಬೈಲ್ ಮತ್ತು ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಅಥವಾ ಯುವತಿ: ಇಷ್ಟು ಜನ ಎಲ್ಲ ಊರಿನಲ್ಲೂ ಸಿಗುತ್ತಾರೆ. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆಯುಳ್ಳವರನ್ನು ಗುಂಪಿನ ಮುಂದಾಳುಗಳನ್ನಾಗಿ ಮಾಡಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಎದುರು ಪಕ್ಷದ ಮನೆಯವರು ಬಾಯಿ ಬಿಡುವುದಿಲ್ಲ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಗ್ರಾಮ ಆಡಳಿತ ಅಧಿಕಾರಿಯನ್ನು ಸದಸ್ಯರನ್ನಾಗಿ ಸೇರಿಸುವ ಅಗತ್ಯವಿಲ್ಲ. ಆದರೆ ಗುಂಪು ರಚನೆಯಾದ ದಿನವೇ ಅವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮ ಸಭೆಯಲ್ಲಿ ಗುಂಪಿನ ಹೆಸರು ನಡಾವಳಿಗೆ ಬರುವಂತೆ ನೋಡಿಕೊಂಡರೆ ತಾಲ್ಲೂಕು ಕಚೇರಿಯಲ್ಲಿ ‘ನೀವು ಯಾರು?’ ಎಂಬ ಪ್ರಶ್ನೆ ಏಳುವುದಿಲ್ಲ.

ಇಂಥ ಕೆಲಸಕ್ಕೆ ಹಿಂದಿನ ಮಾದರಿಗಳಿವೆ. 1993ರ ಸೆಪ್ಟೆಂಬರ್ 30ರಂದು ಕಲಬುರಗಿ, ಬೀದರ್ ಗಡಿಗೆ ಹತ್ತಿರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಕಂಪವಾದ ಮೇಲೆ, ಹಳ್ಳಿಯ ಮಹಿಳೆಯರು ‘ಸಂವಾದ ಸಹಾಯಕ’ರಾಗಿ ಮನೆಯವರಿಗೂ ಅಧಿಕಾರಿಗಳಿಗೂ ನಡುವಿನ ಕೊಂಡಿಯಾದರು. 2001ರ ಕಛ್ ಭೂಕಂಪದ ನಂತರ ಹಲವು ಹಳ್ಳಿಗಳಿಗೊಂದರಂತೆ ‘ಸೇತು’ ಕೇಂದ್ರಗಳು ತೆರೆದವು. ಆದೇಶಗಳು ಅಲ್ಲಿಂದ ಊರಿಗೆ, ದೂರುಗಳು ಊರಿನಿಂದ ಜಿಲ್ಲೆಗೆ ಹೋಗುತ್ತಿದ್ದವು. ಎರಡೂ ಕಡೆ ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿಕೊಂಡವರ ಸಂಖ್ಯೆ ದೊಡ್ಡದು.

ಎರಡನೆಯ ಹೆಜ್ಜೆ: ಒಲೆಗಳನ್ನು ಎಣಿಸಿ

ಸರ್ಕಾರಿ ಸಮೀಕ್ಷೆ ಎಣಿಸುವುದು ಮನೆ ನಂಬರನ್ನು. ನೀವು ಒಲೆಗಳನ್ನು ಎಣಿಸಬೇಕು. ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮನೆಗಳಲ್ಲಿ ಒಂದೇ ತಲೆಬಾಗಿಲಿನೊಳಗೆ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಅಡುಗೆ ಮಾಡಿಕೊಂಡು, ಬೇರೆ ಬೇರೆ ಪಡಿತರ ಚೀಟಿ ಇಟ್ಟುಕೊಂಡು ಬದುಕುತ್ತಿರುತ್ತಾರೆ. ಮನೆ ಬಿದ್ದಾಗ ಒಂದೇ ನಂಬರು, ಒಂದೇ ಪರಿಹಾರ, ಹಿರಿಯವನ ಖಾತೆಗೆ. ಉಳಿದ ಇಬ್ಬರು ಶೆಡ್ಡಿಗೆ. ಇದು ಅಣ್ಣತಮ್ಮಂದಿರ ಜಗಳವಾಗಿ ಹೊರಗೆ ಕಾಣುತ್ತದೆ, ಆದರೆ ಮೂಲ ಸಮೀಕ್ಷೆಯಲ್ಲಿದೆ.

ಆದ್ದರಿಂದ ನೀರು ನುಗ್ಗಿದ ಪ್ರತಿ ಓಣಿಯನ್ನೂ ನಡೆದು ನೋಡಿ. ಬಾಡಿಗೆಗೆ ಇದ್ದವರು, ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರು, ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿ ಸಮೀಕ್ಷೆಯ ದಿನ ಊರಿನಲ್ಲಿ ಇಲ್ಲದವರು, ಒಂಟಿ ವಿಧವೆಯರು: ಇವರ ಹೆಸರುಗಳೇ ಪಟ್ಟಿಯಿಂದ ಜಾರುತ್ತವೆ. ಇನ್ನೊಂದು ಬಗೆಯ ಮನೆಗಳನ್ನೂ ಮರೆಯಬೇಡಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು ಬಿಸಿಲು ಬಿದ್ದು ಒಣಗುವಾಗ ಬಿರಿದು, ವಾರಗಳ ನಂತರ ಕುಸಿಯುತ್ತದೆ. ಅಷ್ಟರಲ್ಲಿ ಸಮೀಕ್ಷೆ ಮುಗಿದು ಆ ಮನೆ ‘ಭಾಗಶಃ ಹಾನಿ’ ಎಂದು ಬರೆಯಲ್ಪಟ್ಟಿರುತ್ತದೆ.

ಮೂರನೆಯ ಹೆಜ್ಜೆ: ಮನೆಗೊಂದು ಕಡತ, ಮನೆಗೊಬ್ಬ ಜೊತೆಗಾರ

ಪ್ರತಿ ಕುಟುಂಬಕ್ಕೆ ಒಂದು ಕಡತ ಮಾಡಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಂಚಾಯಿತಿಯ ಕರ ರಸೀದಿ ಅಥವಾ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಗಣಕ ದಾಖಲೆ) ನಮೂನೆ, ಹಕ್ಕುಪತ್ರವಿದ್ದರೆ ಅದು, ಹೊಲವಿದ್ದರೆ ಪಹಣಿ, ಬಿದ್ದ ಮನೆಯ ಹಳೆಯ ಮತ್ತು ಈಗಿನ ಫೋಟೊ. ಇವೆಲ್ಲ ನಕಲು ಮಾತ್ರ. ಮೂಲ ಪತ್ರಗಳನ್ನು ಗುಂಪು ಎಂದೂ ಇಟ್ಟುಕೊಳ್ಳಬಾರದು. ಮೊದಲ ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಏನು ಹೋಯಿತು, ಇದುವರೆಗೆ ಏನು ಬಂತು, ಈಗ ಎಲ್ಲಿ ನಿಂತಿದೆ. ಈ ಮೂರನೆಯ ಸಾಲನ್ನು ಬರೆಯಲು ಸಮಯ ಹಿಡಿಯುತ್ತದೆ, ಹಿಡಿಯಲಿ. ‘ಪರಿಹಾರ ಬಂದಿಲ್ಲ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಎರಡನೆಯ ಕಂತಿಗೆ ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಪಟ್ಟಿ) ಹಂತದ ಫೋಟೊ ಆ್ಯಪಿಗೆ ಏರಿಲ್ಲ’ ಎಂದು ಬರೆದರೆ ಮರುದಿನ ಯಾರ ಬಳಿ ಹೋಗಬೇಕೆಂಬುದು ತಿಳಿಯುತ್ತದೆ.

ಗುಂಪಿನ ಒಬ್ಬೊಬ್ಬರು ಐದಾರು ಕಡತಗಳ ಹೊಣೆ ಹೊರಲಿ. ಕುಟುಂಬಕ್ಕೆ ಒಬ್ಬರ ಮುಖ ಗೊತ್ತಿರಬೇಕು. ಪ್ರತಿ ಸಲ ಹೊಸಬರು ಬಂದು ಅದೇ ದುಃಖವನ್ನು ಮತ್ತೆ ಹೇಳಿಸುವುದು ಹಿಂಸೆ. ಕಛೇರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅವರ ಪರವಾಗಿ ನೀವೇ ಮಾತನಾಡಿ ಮುಗಿಸಬೇಡಿ. ಕಡತದೊಳಗಿನ ವಿವರವನ್ನು, ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ.

ನಾಲ್ಕನೆಯ ಹೆಜ್ಜೆ: ಹಕ್ಕಿನ ಹಣ ಮೊದಲು, ದಾನ ಆಮೇಲೆ

ಇದು ಎಲ್ಲಕ್ಕಿಂತ ದೀರ್ಘವಾದ, ಬೇಸರದ ಹೆಜ್ಜೆ. ಆದರೆ ದೊಡ್ಡ ಮೊತ್ತವಿರುವುದು ಇಲ್ಲಿಯೇ.

ನಿಮ್ಮ ನೆರೆ ಯಾವ ವರ್ಷದ್ದೋ ಆ ವರ್ಷದ ಸರ್ಕಾರಿ ಆದೇಶಗಳ ಪ್ರತಿಯನ್ನು ಮೊದಲು ಕೈಗೆ ತಂದುಕೊಳ್ಳಿ. 2019ರ ನೆರೆಯಲ್ಲಿ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ ‘ಎ’, ಶೇ 25ರಿಂದ 75 ‘ಬಿ’, ಶೇ 15ರಿಂದ 25 ‘ಸಿ’ ಎಂದು ವಿಂಗಡಣೆಯಾಯಿತು. ‘ಎ’ಗೆ ₹5 ಲಕ್ಷ, ‘ಸಿ’ಗೆ ₹50 ಸಾವಿರ. ಮಧ್ಯದ ‘ಬಿ’ಯ ಮೊತ್ತ ಆದೇಶದಿಂದ ಆದೇಶಕ್ಕೆ ಬದಲಾಯಿತು. ನಂತರದ ವರ್ಷಗಳಲ್ಲಿ ಎಲ್ಲ ಮೊತ್ತಗಳೂ ಅದೇ ಉಳಿಯಲಿಲ್ಲ. ಪಕ್ಕದ ಊರಿನವರು ಹೇಳಿದ ಅಂಕಿಯನ್ನು ನಂಬಿ ಮನೆ ಆರಂಭಿಸಿ ಅರ್ಧಕ್ಕೆ ನಿಂತವರು ಎಷ್ಟೋ ಜನ. ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚು ಸೇರಿಸಿ ಕೊಡಬಹುದು. ಕೆಳಗಿನ ಮಟ್ಟವನ್ನು ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡ ನಿಗದಿಪಡಿಸುತ್ತದೆ. 2022ರಿಂದ 2026ರವರೆಗಿನ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲು ನಾಡಿನಲ್ಲಿ ₹1.20 ಲಕ್ಷ, ಗುಡ್ಡಗಾಡಿನಲ್ಲಿ ₹1.30 ಲಕ್ಷ, ಸತ್ತ ಹಸು ಅಥವಾ ಎಮ್ಮೆಗೆ ₹37,500, ಕುರಿ ಮೇಕೆಗೆ ₹4,000, ಮನೆಗೆ ಹೊಂದಿದ ದನದ ಕೊಟ್ಟಿಗೆಗೆ ₹3,000 ಎಂದಿತ್ತು.

ಮನೆ ಹಣ ಒಂದೇ ಸಲ ಬರುವುದಿಲ್ಲ. ಬುನಾದಿ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಸ್ಥಳದಲ್ಲಿಯೇ ತೆಗೆದ ಜಿಪಿಎಸ್ ಫೋಟೊ ರಾಜೀವ್ ಗಾಂಧಿ ವಸತಿ ನಿಗಮದ ವ್ಯವಸ್ಥೆಗೆ ಏರಿದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಇಲ್ಲಿ ಬಡವರ ಇಕ್ಕಟ್ಟು ಏನೆಂದರೆ, ಬುನಾದಿ ಹಾಕದೆ ಕಂತಿಲ್ಲ, ಕಂತು ಬರದೆ ಬುನಾದಿಗೆ ದುಡ್ಡಿಲ್ಲ. ಹಂತಗಳ ನಡುವಿನ ಈ ತಾತ್ಕಾಲಿಕ ಕೊರತೆಗೆ ಗುಂಪಿನ ಬಳಿ ಒಂದು ಸುತ್ತು ನಿಧಿ ಇದ್ದರೆ ದೊಡ್ಡ ಉಪಕಾರ. ಕುಟುಂಬ ಬಡ್ಡಿಯಿಲ್ಲದ ಕೈಗಡ ಪಡೆದು ಬುನಾದಿ ಹಾಕಿಸುತ್ತದೆ, ಕಂತು ಬಂದಾಗ ಹಿಂದಿರುಗಿಸುತ್ತದೆ, ಅದೇ ಹಣ ಮುಂದಿನ ಮನೆಗೆ ಹೋಗುತ್ತದೆ.

ಪದೇಪದೇ ಎದುರಾಗುವ ತೊಡಕುಗಳು ಇವು. ಮನೆ ತೀರಿಕೊಂಡವರ ಹೆಸರಿನಲ್ಲಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ಪಡೆದು, ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಬೇಕು. ಹೊಲವಾದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಪಹಣಿ ಬದಲಾವಣೆ. ಹಣ ‘ಜಮೆಯಾಗಿದೆ’ ಎಂದು ಕಚೇರಿ ಹೇಳಿ, ‘ಬಂದಿಲ್ಲ’ ಎಂದು ಮನೆಯವರು ಹೇಳಿದರೆ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲು ನೋಡಿ. ಎಷ್ಟೋ ವರ್ಷ ಹಿಂದೆ ತೆರೆದು ಮರೆತ ಖಾತೆಗೆ ಹಣ ಹೋಗಿ ಕುಳಿತಿರುತ್ತದೆ. ಹಾನಿಯ ವರ್ಗ ತಪ್ಪಾಗಿದ್ದರೆ ಫೋಟೊ, ನೆರೆಹೊರೆಯವರ ಹೇಳಿಕೆ, ಸಾಧ್ಯವಾದರೆ ಎಂಜಿನಿಯರ್ ವರದಿ ಲಗತ್ತಿಸಿ ತಹಶೀಲ್ದಾರರಿಗೆ ಮರುಪರಿಶೀಲನೆಯ ಅರ್ಜಿ ಕೊಡಿ. ಅಲ್ಲಿ ಆಗದಿದ್ದರೆ ಜಿಲ್ಲಾಧಿಕಾರಿಗೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ.

ಪ್ರತಿ ಅರ್ಜಿಗೂ ಮೊಹರು, ದಿನಾಂಕವುಳ್ಳ ಸ್ವೀಕೃತಿ ಬೇಕು. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ₹10 ಶುಲ್ಕದೊಂದಿಗೆ ಕಡತದ ಸ್ಥಿತಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವಿದೆ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರವಾಹ, ಬರ, ಭೂಕಂಪ, ಸಾಮೂಹಿಕ ವಿಪತ್ತಿಗೆ ತುತ್ತಾದವರಿಗೆ ಉಚಿತ ಕಾನೂನು ನೆರವು ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಅಣ್ಣತಮ್ಮಂದಿರ ಪಾಲಿನ ತಂಟೆಗಳು ಅಲ್ಲಿ ರಾಜಿಯಾಗಿ ಮುಗಿದರೆ ಮನೆ ಕೆಲಸ ಮುಂದೆ ಸಾಗುತ್ತದೆ.

ದಾನಿಗಳ ಮನೆ ಮೊದಲೇ ಎದ್ದು ನಿಂತರೆ ಸರ್ಕಾರದ ಕಂತು ಕೇಳುವುದು ಕಷ್ಟವಾಗುತ್ತದೆ. ಹಾಗಾಗಿ ಈ ಹೆಜ್ಜೆಯನ್ನು ಹಾರಬೇಡಿ.

ಐದನೆಯ ಹೆಜ್ಜೆ: ತಿಂಗಳಿಗೊಮ್ಮೆ ಎಲ್ಲರೂ ಒಂದೇ ಜಮಖಾನೆಯ ಮೇಲೆ

ಮಠ, ಮಸೀದಿ ಸಮಿತಿ, ಚರ್ಚ್, ಯುವಕ ಸಂಘ, ಸಹಕಾರಿ ಸಂಘ, ಪಟ್ಟಣದ ಸೇವಾ ಸಂಸ್ಥೆಗಳು ಎಲ್ಲರೂ ಸಹಾಯ ಮಾಡಲು ಸಿದ್ಧರಿರುತ್ತಾರೆ, ಆದರೆ ಬೇರೆ ಬೇರೆಯಾಗಿ. ಆಗ ರಸ್ತೆ ಬದಿಯ ಮನೆಗೆ ಎರಡು ಸಲ ಸಿಗುತ್ತದೆ, ಒಳ ಓಣಿಗೆ ಒಮ್ಮೆಯೂ ಇಲ್ಲ. ತಿಂಗಳಿಗೊಂದು ನಿಗದಿತ ದಿನ ಅವರೆಲ್ಲರನ್ನೂ ಕೂಡಿಸಿ, ಹೆಸರು ಹೇಳದೆ ಒಂದೊಂದೇ ಕಡತವನ್ನು ಓದಿ: ‘ಸರ್ಕಾರದ ಎರಡು ಕಂತು ಬಂದಿದೆ, ಛಾವಣಿಗೆ ಕಬ್ಬಿಣ ಮತ್ತು ಸಿಮೆಂಟ್ ಕೊರತೆ, ಮನೆಯಲ್ಲಿ ದುಡಿಯುವ ಗಂಡಾಳಿಲ್ಲ.’ ಒಬ್ಬರು ಕಬ್ಬಿಣ ಒಪ್ಪುತ್ತಾರೆ, ಇನ್ನೊಬ್ಬರು ಮರಳು, ಯುವಕರು ಎರಡು ಭಾನುವಾರದ ದುಡಿಮೆ. ಆ ಕಡತ ಮುಗಿಯುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಮುಯ್ಯಾಳು ಪದ್ಧತಿಯನ್ನು ಮತ್ತೆ ಬಳಕೆಗೆ ತರಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಇವತ್ತು ನಿನ್ನ ಮನೆಯ ಬುನಾದಿಗೆ ನಾನು, ನಾಳೆ ನನ್ನ ಮನೆಯ ಗೋಡೆಗೆ ನೀನು. ವಯಸ್ಸಾದವರು, ಅಂಗವಿಕಲರು ದುಡಿಮೆ ಹಿಂದಿರುಗಿಸಲಾರರು. ಅವರ ಪಾಲನ್ನು ಊರು ಹೊರಬೇಕು.

ಆದ್ಯತೆಯ ಕ್ರಮವನ್ನು ಮೊದಲ ಬೈಠಕ್ಕಿನಲ್ಲಿಯೇ ಬರೆದು ಗೋಡೆಗೆ ಹಚ್ಚಿ. ಒಂಟಿ ಮಹಿಳೆ ನಡೆಸುವ ಮನೆ, ಅಂಗವಿಕಲರಿರುವ ಮನೆ, ಭೂಮಿಯಿಲ್ಲದವರು ಮೊದಲು. ನಿಯಮ ಮೊದಲೇ ಗೊತ್ತಿದ್ದರೆ ಜಗಳ ಕಡಿಮೆ.

ಆರನೆಯ ಹೆಜ್ಜೆ: ದುಡ್ಡು

ಯಾವ ವ್ಯಕ್ತಿಯ ಸ್ವಂತ ಖಾತೆಗೂ, ಸ್ವಂತ ಯುಪಿಐಗೂ ದೇಣಿಗೆ ಬರಬಾರದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಿ, ಅಥವಾ ಈಗಾಗಲೇ ನೋಂದಣಿಯಾದ ಸಂಘದ ಖಾತೆಯನ್ನು ಲಿಖಿತ ಒಪ್ಪಂದದ ಮೇಲೆ ಬಳಸಿ. ಇಬ್ಬರ ಸಹಿ ಕಡ್ಡಾಯ. ತಿಂಗಳ ಲೆಕ್ಕ ಪಂಚಾಯಿತಿ ಫಲಕದ ಮೇಲೆ. ಸಾಧ್ಯವಾದಲ್ಲೆಲ್ಲ ಅಂಗಡಿಗೆ ನೇರವಾಗಿ ಪಾವತಿ ಮಾಡಿ ಬಿಲ್ಲನ್ನು ಕಡತಕ್ಕೆ ಸೇರಿಸಿ.

ಹೊರದೇಶದ ಕನ್ನಡಿಗರು ಕೇಳುವುದು ಒಂದೇ ಪ್ರಶ್ನೆ: ‘ಹೇಗೆ ಕಳಿಸಲಿ?’ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ, ಅಲ್ಲಿನ ಕನ್ನಡ ಕೂಟಗಳ ಹಣ ವಿದೇಶಿ ದೇಣಿಗೆಯಾಗುತ್ತದೆ. ಅದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿಯಿರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಹಣವನ್ನು ಇನ್ನೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ, ಕೆಲಸವನ್ನು ತಾನೇ ಮಾಡಬೇಕು. ಅಂಥ ಸಂಸ್ಥೆಯನ್ನು ನಿಮ್ಮ ತಿಂಗಳ ಬೈಠಕ್ಕಿಗೆ ಕರೆದು ನಿರ್ದಿಷ್ಟ ಮನೆಗಳ ಹೊಣೆ ಒಪ್ಪಿಸಿ.

ಏಳನೆಯ ಹೆಜ್ಜೆ: ಮತ್ತೆ ಬೀಳದಂತೆ ಕಟ್ಟುವುದು

ಹೊಳೆ ಎಷ್ಟು ಎತ್ತರಕ್ಕೆ ಬಂದಿತ್ತು ಎಂಬ ಗುರುತನ್ನು ಶಾಲೆ, ಗುಡಿ, ಪಂಚಾಯಿತಿ ಗೋಡೆಗಳ ಮೇಲೆ ಬಣ್ಣದಿಂದ ವರ್ಷ ಸಹಿತ ಬರೆಸಿ. ಹೊಸ ಮನೆಯ ಕಟ್ಟೆಯ ಎತ್ತರವನ್ನು ಅದಕ್ಕೆ ಹೋಲಿಸಿ ನಿರ್ಧರಿಸಬೇಕು. ಮಲಪ್ರಭೆಯ ದಂಡೆ ಬಹುಪಾಲು ಎರೆ ಭೂಮಿ. ತೇವದಲ್ಲಿ ಹಿಗ್ಗಿ ಬಿಸಿಲಿಗೆ ಕುಗ್ಗುವ ಈ ಮಣ್ಣಿನ ಮೇಲೆ ತೆಳು ಬುನಾದಿ ಹಾಕಿದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಎಷ್ಟು ಆಳ, ಯಾವ ಬಗೆ ಎಂಬುದನ್ನು ಎಂಜಿನಿಯರ್ ನೋಡಿ ಹೇಳಲಿ. ಬುನಾದಿಯ ಮೇಲೂ ಲಿಂಟಲ್ ಮಟ್ಟದಲ್ಲೂ ಸುತ್ತಲೂ ಕಬ್ಬಿಣದ ಕಾಂಕ್ರೀಟ್ ಪಟ್ಟಿ ಇರಲಿ. ಹಣ ಉಳಿಸಲು ಇವನ್ನು ಬಿಟ್ಟು ಟೈಲ್ಸ್ ಹಾಕಿಸುವ ಒತ್ತಾಯ ಮನೆಯವರಿಂದಲೇ ಬರುತ್ತದೆ, ಗೌಂಡಿ ಒಪ್ಪಬಾರದು. ಹಳೆಯ ಬಾಗಿಲು, ತೊಲೆ, ಕಲ್ಲುಗಳನ್ನು ಮತ್ತೆ ಬಳಸಬಹುದು. ಅದರಿಂದ ಖರ್ಚು ಉಳಿಯುತ್ತದೆ, ಹೊಸ ಮನೆ ಬೇಗ ತಮ್ಮದೆನಿಸುತ್ತದೆ.

ಊರನ್ನೇ ಎತ್ತರಕ್ಕೆ ಸ್ಥಳಾಂತರಿಸುವ ಪ್ರಶ್ನೆ ಬಂದರೆ ಅವಸರ ಬೇಡ. 2009ರ ನೆರೆಯ ನಂತರ ದಾನಿಗಳ ನೆರವಿನಿಂದ ಕಟ್ಟಿದ ‘ಆಸರೆ’ ಮನೆಗಳಲ್ಲಿ ಹಲವು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಕಡಿ ಇಡಲು ಎಡೆಯಿಲ್ಲ, ಕೂಡು ಕುಟುಂಬಕ್ಕೆ ಒಂದೇ ಸಣ್ಣ ಮನೆ. ಹತ್ತು ವರ್ಷದ ಮೇಲೆ 2019ರಲ್ಲಿ ಹೊಳೆ ಮತ್ತೆ ಬಂದಾಗ ಹಳೆಯ ಊರಿನಲ್ಲಿಯೇ ಉಳಿದಿದ್ದವರು ಮತ್ತೆ ನೀರಿನಲ್ಲಿ ನಿಂತರು. ಜಾಗ ಆರಿಸುವ ಮುನ್ನ ಹೆಂಗಸರನ್ನು ಬೇರೆಯಾಗಿ ಕೂಡಿಸಿ ಕೇಳಿ: ನೀರು ಎಲ್ಲಿಂದ, ಬಸ್ ಎಷ್ಟು ದೂರ, ಕೊಟ್ಟಿಗೆ ಎಲ್ಲಿ, ಸ್ಮಶಾನ ಎಲ್ಲಿ. ಹಕ್ಕುಪತ್ರ ಕೈಗೆ ಬರುವವರೆಗೆ ಹಳೆಯ ಜಾಗದ ದಾಖಲೆಗಳನ್ನು ಯಾರೂ ಒಪ್ಪಿಸದಿರಲಿ.

ಎಂಟನೆಯ ಹೆಜ್ಜೆ: ಹೊಲ, ಮಗ್ಗ, ಸಾಲ

ಮನೆ ಎದ್ದರೂ ದುಡಿಮೆ ಏಳದಿದ್ದರೆ ಕುಟುಂಬ ಗುಳೆ ಹೋಗುತ್ತದೆ. ಹೊಲದ ಮೇಲೆ ಮೂರು ಇಂಚಿಗಿಂತ ಹೆಚ್ಚು ಮರಳು, ಹೂಳು ಕುಳಿತಿದ್ದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ತೆಗೆಸಲು ಹೆಕ್ಟೇರಿಗೆ ₹18,000, ಕೊಚ್ಚಿಹೋದ ಭೂಮಿಗೆ ₹47,000 ಎಂದು ಮೇಲೆ ಹೇಳಿದ 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡ ಹೇಳಿತ್ತು. ಹೂಳು ತೆಗೆದ ಮೇಲೆ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ. ರಾಮದುರ್ಗದಂಥ ನೇಕಾರರ ಊರುಗಳಲ್ಲಿ ಕುಣಿ ಮಗ್ಗದ ಗುಂಡಿಯೊಳಗೆ ನೀರು ನಿಂತರೆ ಮಗ್ಗ, ನೂಲು ಎರಡೂ ಹೋದಂತೆಯೇ. ಅವರ ಕಡತದಲ್ಲಿ ಮನೆಗಿಂತ ಮೊದಲು ಮಗ್ಗವನ್ನು ಬರೆಯಿರಿ, ಮಗ್ಗ ನಡೆದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಸಾಲವನ್ನು ಜನ ತಾವಾಗಿ ಹೇಳುವುದಿಲ್ಲ. ನೆರೆಯ ವರ್ಷ ಊಟಕ್ಕೆಂದು ಪಡೆದ ಕಿರುಸಾಲದ ವಾರದ ಕಂತು, ಅದನ್ನು ತೀರಿಸಲು ಇನ್ನೊಂದು ಸಾಲ. ಮನೆ ಪರಿಹಾರದ ಹಣ ಅಲ್ಲಿಗೇ ಹೋಗಿರುತ್ತದೆ, ಆದ್ದರಿಂದಲೇ ಗೋಡೆಯ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಹೆಂಗಸರ ಸಭೆಯಲ್ಲಿ, ನಿಧಾನವಾಗಿ ಕೇಳಿ. ಬೆಳೆ ಸಾಲದ ಮರುಹೊಂದಾಣಿಕೆಗೆ ಜಿಲ್ಲೆಯ ಅಗ್ರಣಿ ಬ್ಯಾಂಕ್ ವ್ಯವಸ್ಥಾಪಕರನ್ನು ಕಾಣಿ. ಕಿರುಸಾಲದವರ ಬಲವಂತದ ವಸೂಲಿಗೆ ವಿರುದ್ಧವಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಬೆದರಿಕೆಯಿದ್ದರೆ ಪೊಲೀಸರಿಗೆ ಲಿಖಿತ ದೂರು ಕೊಡಿಸಿ.

ಒಂಬತ್ತನೆಯ ಹೆಜ್ಜೆ: ಮನಸ್ಸಿನ ಗಾಯ

ಮೋಡ ಕವಿದರೆ ಮಗು ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ರಾತ್ರಿ ಮಳೆ ಹನಿದರೆ ಅಜ್ಜಿ ಎದ್ದು ಗಂಟುಮೂಟೆ ಕಟ್ಟುವುದು, ಕುಡಿಯದಿದ್ದ ಗಂಡಸು ಕುಡಿಯತೊಡಗುವುದು: ಇವು ಎರಡನೆಯ ಮಳೆಗಾಲದಲ್ಲಿ ಹೆಚ್ಚಾಗಿ ಕಾಣುತ್ತವೆ. ಮಳೆ ಹಿಡಿಯುವ ಮೊದಲೇ ಆಶಾ ಕಾರ್ಯಕರ್ತೆಯೊಂದಿಗೆ ಅಂಥ ಮನೆಗಳಿಗೆ ಹೋಗಿ ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾವ ದಿನ ಬರುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಜೀವ ಬೇಡವೆಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಇದೇ ದುಡಿಮೆಯಲ್ಲಿ ಗುಂಪಿನವರೂ ಬಳಲುತ್ತಾರೆ, ಅವರಲ್ಲಿ ಹಲವರು ಸ್ವತಃ ಸಂತ್ರಸ್ತರು. ಸುಗ್ಗಿಯ ಕಾಲದಲ್ಲಿ ಬೈಠಕ್ಕು ಬಿಡಿ. ಒಬ್ಬರು ದಣಿದಾಗ ಅವರ ಕಡತಗಳನ್ನು ಇನ್ನೊಬ್ಬರು ತೆಗೆದುಕೊಳ್ಳಲಿ.

ಕೊನೆಯ ಹೆಜ್ಜೆ: ಕಡತ ಮುಚ್ಚುವುದು

ಗೃಹಪ್ರವೇಶವಾದ ದಿನ ಕಡತ ಮುಚ್ಚಬೇಡಿ. ಕೊನೆಯ ಕಂತು ಖಾತೆಗೆ ಬಂದಿರಬೇಕು, ಮನೆಯ ದಾಖಲೆ ಅಲ್ಲಿ ವಾಸಿಸುವವರ ಹೆಸರಿನಲ್ಲಿರಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕ ಸಿಕ್ಕಿರಬೇಕು, ಆ ಮನೆಯಲ್ಲಿ ಅವರು ಒಂದು ಮಳೆಗಾಲ ಕಳೆದಿರಬೇಕು. ಸೋರುವುದು, ಬಿರುಕು ಬಿಡುವುದು ಆಗಲೇ ತಿಳಿಯುವುದು. ಆಮೇಲೆ ಮನೆಯೊಡತಿಯೇ ‘ಇನ್ನು ಸಾಕು’ ಎಂದರೆ ಅವರ ಸಹಿ ಪಡೆದು ಮುಚ್ಚಿ, ಕಾಗದಗಳನ್ನೆಲ್ಲ ಅವರ ಕೈಗೆ ಕೊಡಿ.

ಗುಂಪಿನ ಬಳಿ ಉಳಿಯಬೇಕಾದದ್ದು ಹೆಸರಿಲ್ಲದ ಒಂದು ಸಾರಾಂಶ ಪುಸ್ತಕ: ಯಾವ ಓಣಿಗೆ ನೀರು ಎಷ್ಟು ಬಂತು, ಯಾವ ಮನೆಗಳಲ್ಲಿ ನಡೆಯಲಾರದವರಿದ್ದಾರೆ, ಯಾವ ಕಚೇರಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಕಾಲ ಹಿಡಿಯಿತು, ಸುತ್ತು ನಿಧಿಯಲ್ಲಿ ಎಷ್ಟು ಉಳಿದಿದೆ. ಇದರ ಒಂದು ಪ್ರತಿಯನ್ನು ಗ್ರಾಮ ಸಭೆಯಲ್ಲಿ ಓದಿ ಪಂಚಾಯಿತಿಗೆ ಒಪ್ಪಿಸಿ, ಇನ್ನೊಂದನ್ನು ಶಾಲೆಯ ಬೀರುವಿನಲ್ಲಿ, ಮೇಲಿನ ಅರೆಯಲ್ಲಿ ಇಡಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಗುಂಪು ಒಮ್ಮೆ ಕೂಡಿ ಆ ಪುಸ್ತಕವನ್ನು ತಿದ್ದಲಿ.